ಫೋಟೋಮೀಟರ್‌ದಾಗ ಟೈಮರ್ ಹ್ಯಾಂಗ ಬಳಸಬೇಕು: ಯಾವ ಟೆಸ್ಟಿಗೆ ಎಷ್ಟು ಹೊತ್ತು, ಯಾಕ

ನೀರಿನ ಲ್ಯಾಬಿನಾಗ ಹೊಸದಾಗಿ ಸೇರಿದೋರು, ಕಲಬುರಗಿ ಬೀದರ ಯಾದಗಿರಿ ಕಾಲೇಜಿನಾಗ ಬಿಎಸ್ಸಿ ಎಂಎಸ್ಸಿ ಪ್ರಾಜೆಕ್ಟ್ ಮಾಡೋರು ಮತ್ತ ಮತ್ತ ಕೇಳೋ ಮಾತು ಒಂದೇ. ಅದೇ ಬೋರಿನ ನೀರು, ಅದೇ ಮಷೀನು, ಅದೇ ಪೌಡರ್ ಪ್ಯಾಕೆಟ್, ಆದ್ರ ಮುಂಜಾನೆ ಒಂದು ನಂಬರ್, ಮಧ್ಯಾಹ್ನ ಇನ್ನೊಂದು ನಂಬರ್ ಬರ್ಲತದ, ಮಷೀನ್ ಕೆಟ್ಟದೇನ್ರಿ ಅಂತ. ಭಾಳ ಸಲ ಮಷೀನ್ ಸರಿನೇ ಇರ್ತದ. ಎಡವಟ್ಟು ಆಗಿರೋದು ಟೈಮಿನಾಗ. ಟೈಮರ್ ಬಟನ್ ಒತ್ತಿರ್ತೀರಿ, ಬೀಪ್ ಆದ ಮ್ಯಾಲ ರೀಡಿಂಗ್ ತೊಗೊಂಡಿರ್ತೀರಿ, ಆದ್ರ ಆ ಟೈಮ್ ಯಾತಕ್ಕ ಇಟ್ಟಾರ ಅನ್ನೋದು ಗೊತ್ತಿರಂಗಿಲ್ಲ, ಹಿಂಗಾಗಿ ಅರ್ಧ ಮಿನಿಟ ಆಕಡಿ ಈಕಡಿ ಆದ್ರ ಏನಾಗ್ತದ ಬಿಡು ಅನ್ನಸ್ತದ. ಕೆಲವು ಟೆಸ್ಟಿಗೆ ಖರೇನೇ ಏನೂ ಆಗಂಗಿಲ್ಲ. ಕೆಲವಕ್ಕ ಪೂರಾ ರಿಪೋರ್ಟ್ ಹಾಳಾಗ್ತದ. ಯಾವುದು ಯಾವ ಜಾತಿದು ಅಂತ ಗೊತ್ತಿರಬೇಕು, ಅಷ್ಟ.

ಯಾದಗಿರಿ ಕಡೆ ಗ್ರಾನೈಟ್ ಬಂಡೆಗಲ್ಲು ಇರೋ ಊರಿನ ಬೋರ್ ನೀರಿನಾಗ ಫ್ಲೋರೈಡ್ ಕಾಟ ಹಳೇದು. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ 1.0 ಮಿ.ಗ್ರಾಂ/ಲೀ ಒಳಗ ಇರಬೇಕು, ಬ್ಯಾರೆ ನೀರೇ ಇಲ್ಲಂದ್ರ 1.5 ತನಕ ನಡೀತದ. ಈಗ ನಿಮ್ಮ ರೀಡಿಂಗ್ 1.4 ಬಂತೋ 1.6 ಬಂತೋ ಅನ್ನೋದರ ಮ್ಯಾಲ ಒಂದು ಊರಿನ ಮಂದಿ ಆ ನೀರು ಕುಡೀಬೇಕೋ ಬ್ಯಾಡೋ ಅಂತ ನಿರ್ಧಾರ ಆಗ್ತದ. ಅದಕ್ಕ ಈ ಮಿನಿಟ ಸೆಕೆಂಡಿನ ಲೆಕ್ಕ ಸಣ್ಣ ಮಾತಲ್ಲ.

ಮೊದಲ ಇದು ತಿಳ್ಕೋರಿ

ಫೋಟೋಮೀಟರ್ ಮಾಡೋದು ಇಷ್ಟೇ: ಬಣ್ಣದ ನೀರಿನ ಒಳಗಿಂದ ಒಂದು ಬೆಳಕು ಬಿಟ್ಟು, ಎಷ್ಟು ಬೆಳಕು ಆಚೆ ಬಂತು, ಎಷ್ಟು ನೀರೇ ನುಂಗ್ತು ಅಂತ ಅಳೀತದ. ನುಂಗಿದ್ದಕ್ಕ ಅಬ್ಸಾರ್ಬೆನ್ಸ್ ಅಂತಾರ. ಬಣ್ಣ ಎಷ್ಟು ಗಾಢ ಇದ್ರ ಅಬ್ಸಾರ್ಬೆನ್ಸ್ ಅಷ್ಟು ಜಾಸ್ತಿ, ಅದನ್ನ ಮಷೀನ್ ತನ್ನ ಮೆಮೊರಿ ಒಳಗಿನ ಕರ್ವ್ ನೋಡಿ ಮಿ.ಗ್ರಾಂ ಮಾಡಿ ತೋರಸ್ತದ. ಮಷೀನಿಗೆ ನೈಟ್ರೇಟ್ ಗೊತ್ತಿಲ್ಲ, ಕಬ್ಬಿಣ ಗೊತ್ತಿಲ್ಲ, ಬಣ್ಣ ಒಂದೇ ಗೊತ್ತು. ಆ ಬಣ್ಣ ರೀಜೆಂಟ್ ಅಂದ್ರ ನಾವು ಹಾಕೋ ಕೆಮಿಕಲ್ ಸ್ಯಾಂಪಲ್ ಜೋಡಿ ಸೇರಿ ನಿಧಾನಕ್ಕ ಹುಟ್ಟೋದು. ಹುಟ್ಟಲಿಕ್ಕೆ ಒಂದಿಷ್ಟು ಹೊತ್ತು, ನಿಲ್ಲೋದು ಒಂದಿಷ್ಟು ಹೊತ್ತು, ಆಮ್ಯಾಲ ಕೆಲವು ಬಣ್ಣ ಮಾಸ್ತಾವ, ಕೆಲವು ಇನ್ನೂ ಏರ್ತಾನೇ ಹೋಗ್ತಾವ. ಹಂಚಿನ ಮ್ಯಾಲಿನ ಜ್ವಾಳದ ರೊಟ್ಟಿ ಇದ್ದಂಗ, ಬೇಗ ತೆಗದ್ರ ಹಸಿ, ಬಿಟ್ರ ಸೀದು ಹೋಗ್ತದ.

ಮೂರು ನಮೂನಿ ಟೈಮ್ ಅದಾವ, ಇವನ್ನ ಬ್ಯಾರೆ ಬ್ಯಾರೆ ಮಾಡ್ಕೊಂಡ್ರ ಅರ್ಧ ಕೆಲಸ ಮುಗೀತು.

ಒಂದು, "ಕನಿಷ್ಠ ಇಷ್ಟು ಕಾಯ್ರಿ" ಅನ್ನೋದು. ಬಣ್ಣ ಪೂರಾ ಬರೋ ತನಕ ಕಾಯೋದು, ಬಂದ ಮ್ಯಾಲ ಅದು ಗಟ್ಟಿ ನಿಲ್ತದ. ಫೆನಾಂಥ್ರೋಲಿನ್ ಪದ್ಧತಿಯ ಕಬ್ಬಿಣದ ಟೆಸ್ಟ್ ಈ ಜಾತಿದು, ಕಿತ್ತಳಿ ಬಣ್ಣ ಒಮ್ಮೆ ಬಂತಂದ್ರ ಸುಮ್ಮನ ಮಾಸಂಗಿಲ್ಲ. ಪೌಡರ್ ಪ್ಯಾಕೆಟ್ ಆದ್ರ 3 ಮಿನಿಟ ಅಂತ ಬರ್ದಿರ್ತಾರ, ನೀರಿನಾಗ ತುಕ್ಕು ಕಾಣಸ್ತಿದ್ರ 5 ಮಿನಿಟ ಆದ್ರೂ ಬಿಡ್ರಿ. ಇಲ್ಲಿ ಎರಡು ಮಿನಿಟ ತಡ ಆದ್ರ ಗಾಬರಿ ಬ್ಯಾಡ, ಅರ್ಧ ಮಿನಿಟ ಮೊದಲ ಓದಿದ್ರ ಮಾತ್ರ ತಪ್ಪು.

ಎರಡು, "ಇಷ್ಟರೊಳಗ ಓದಿ ಮುಗಿಸ್ರಿ" ಅನ್ನೋದು. ಡಿಪಿಡಿ (ಕ್ಲೋರಿನ್ ಇದ್ರ ಗುಲಾಬಿ ಆಗೋ ರೀಜೆಂಟ್) ಪದ್ಧತಿಯ ಫ್ರೀ ಕ್ಲೋರಿನ್, ಅಂದ್ರ ಅಮೋನಿಯಾ ಜೋಡಿ ಕೂಡದ ಬಿಡಿ ಕ್ಲೋರಿನ್, ಇದಕ್ಕ ಒಳ್ಳೆ ಉದಾಹರಣೆ. ಪೌಡರ್ ಹಾಕಿದ ಕೂಡ್ಲೇ ಗುಲಾಬಿ ಬಣ್ಣ ಬರ್ತದ, ಒಂದು ಮಿನಿಟಿನ ಒಳಗ ಓದಬೇಕು. ತಡ ಮಾಡಿದ್ರ ನೀರಿನಾಗ ಇರೋ ಕ್ಲೋರಮೈನ್, ಅಂದ್ರ ಅಮೋನಿಯಾ ಜೋಡಿ ಕಟ್ಟಿಕೊಂಡ ಕ್ಲೋರಿನ್, ಅದೂ ಬಣ್ಣ ಕೊಡ್ಲಿಕ್ಕೆ ಶುರು ಮಾಡ್ತದ, ಫ್ರೀ ಕ್ಲೋರಿನ್ ಜಾಸ್ತಿ ಅದ ಅಂತ ಸುಳ್ಳು ರೀಡಿಂಗ್ ಬರ್ತದ. ಇದು ಭಾಳ ಅಪಾಯದ ತಪ್ಪು, ಯಾಕಂದ್ರ ನಳದ ಕೊನಿಗೆ ಕನಿಷ್ಠ 0.2 ಮಿ.ಗ್ರಾಂ/ಲೀ ಇರಬೇಕು ಅಂತ ನೋಡ್ಲಿಕ್ಕೇ ಈ ಟೆಸ್ಟ್ ಮಾಡೋದು, ಇಲ್ಲದ ಕ್ಲೋರಿನ್ ಇದ್ದಂಗ ಕಂಡ್ರ ಊರಿಗೆ ಊರೇ ಬ್ಯಾನಿ ಬೀಳಬಹುದು.

ಮೂರು, ಎರಡೂ ಸೇರಿದ್ದು, "ಇಷ್ಟು ಕಾಯ್ರಿ, ಆದ ಮ್ಯಾಲ ಇಷ್ಟರೊಳಗ ಓದ್ರಿ". ಟೋಟಲ್ ಕ್ಲೋರಿನ್ (ಬಿಡಿ ಕ್ಲೋರಿನ್, ಕ್ಲೋರಮೈನ್ ಎರಡೂ ಸೇರಿ) 3 ಮಿನಿಟ ಕಾಯೋದು, ಆಮ್ಯಾಲ 3 ಮಿನಿಟದೊಳಗ ಓದೋದು. ಕ್ಯಾಡ್ಮಿಯಂ ಪದ್ಧತಿಯ ನೈಟ್ರೇಟ್ 1 ಮಿನಿಟ ಜೋರಾಗಿ ಅಲ್ಲಾಡಿಸೋದು, 5 ಮಿನಿಟ ಇಡೋದು, ಟೈಮರ್ ಮುಗಿದ ಒಂದು ಮಿನಿಟಿನ ಒಳಗ ಓದೋದು. ಆಸ್ಕಾರ್ಬಿಕ್ ಆಸಿಡ್ ಪದ್ಧತಿಯ ಫಾಸ್ಫೇಟ್ ದ್ರಾವಣ ಮಾಡ್ಕೊಂಡು ಮಾಡಿದ್ರ 10 ಮಿನಿಟಿಗಿಂತ ಕಡಿಮಿ ಬ್ಯಾಡ, 30 ಮಿನಿಟ ದಾಟೋದೂ ಬ್ಯಾಡ, ರೆಡಿ ಪ್ಯಾಕೆಟ್ ಆದ್ರ 2 ಮಿನಿಟ. ಅದೇ ಪದ್ಧತಿ, ಆದ್ರ ಪ್ಯಾಕೆಟಿಗೂ ಬಾಟ್ಲಿ ರೀಜೆಂಟಿಗೂ ಟೈಮ್ ಬ್ಯಾರೆ, ಯಾಕಂದ್ರ ರೀಜೆಂಟಿನ ಪ್ರಮಾಣ, ಹುಳಿ ಬ್ಯಾರೆ. ಒಂದು ಕಂಪನಿ ಪ್ಯಾಕೆಟ್ ಹಾಕಿ ಇನ್ನೊಂದು ಕಂಪನಿ ಪ್ರೋಗ್ರಾಮಿನ ಟೈಮರ್ ಓಡಿಸಬ್ಯಾಡ್ರಿ, ಕಡಿಮಿ ರೇಟಿನ ರೀಜೆಂಟ್ ತರಿಸಿದಾಗ ಇದು ಭಾಳ ಕಡೆ ಆಗ್ತದ.

ಬೇಕಾಗೋದು

ಫೋಟೋಮೀಟರು, ಅದರ ಜೋಡಿ ಬಂದ ಮೆಥಡ್ ಪುಸ್ತಕ (ಕಪಾಟಿನಾಗ ಬೀಗ ಹಾಕಿ ಇಟ್ಟಿದ್ರ ತಗದು ಟೇಬಲ್ ಮ್ಯಾಲ ಇಡ್ರಿ), ಒಂದೇ ಜೋಡಿಯ ಸೆಲ್ ಅಂದ್ರ ಗಾಜಿನ ಕ್ಯುವೆಟ್, ಪಿಪೆಟ್, ಡಿಸ್ಟಿಲ್ಡ್ ನೀರು, ಮೆತ್ತನ ಬಟ್ಟಿ, ಥರ್ಮಾಮೀಟರ್, ಇನ್ನೊಂದು ಸಪರೇಟ್ ಟೈಮರ್. ಮೊಬೈಲ್ ನಡೀತದ, ಫೋನ್ ಬಂದ್ರ ತಲಿ ಕೆಡಬಾರದು ಅಂದ್ರ ಏರೋಪ್ಲೇನ್ ಮೋಡ್ ಹಾಕಿಡ್ರಿ. ಗೊತ್ತಿರೋ ಪ್ರಮಾಣದ ಸ್ಟ್ಯಾಂಡರ್ಡ್ ದ್ರಾವಣ ಒಂದರೆ ಇರಲಿ, ಇದು ಇಲ್ಲದ ಲ್ಯಾಬಿನಾಗ ಟೈಮ್ ಸರಿ ಅದನೋ ಇಲ್ಲೋ ಅಂತ ತಿಳಿಯೋ ದಾರಿನೇ ಇಲ್ಲ.

ಹಂತ 1: ನಿಮ್ಮ ಮಷೀನಿನ ಟೈಮರ್ ಯಾವ ನಮೂನಿದು ನೋಡ್ರಿ

ಕೆಲವು ಮಷೀನಿನಾಗ ಟೈಮರ್ ಬರೇ ಗಂಟಿ ಇದ್ದಂಗ, ಟೈಮ್ ಮುಗಿದ್ರ ಬೀಪ್ ಅಂತದ, ಸೆಲ್ ಇಟ್ಟು ರೀಡ್ ಒತ್ತೋದು ನಿಮ್ಮ ಕೆಲಸ. ಇನ್ನು ಕೆಲವುದರಾಗ ಸೆಲ್ ಒಳಗ ಇಟ್ಟೇ ಕೌಂಟ್‌ಡೌನ್ ಶುರು ಮಾಡ್ಬೇಕು, ಸೊನ್ನಿಗೆ ಬಂದ ಕೂಡ್ಲೇ ಅದೇ ಓದ್ಕೊಂತದ. ಇವೆರಡರ ನಡುವ ಗೊಂದಲ ಆದ್ರ ಏನಾಗ್ತದ ಅಂದ್ರ, ಬೀಪ್ ಆಯ್ತು ಅಂತ ಸ್ಕ್ರೀನ್ ನೋಡ್ತಾರ, ಅಲ್ಲಿ ಹಿಂದಿನ ಸ್ಯಾಂಪಲ್ ನಂಬರ್ ಇರ್ತದ, ಅದನ್ನೇ ಬರ್ಕೊಂತಾರ.

ಇನ್ನೊಂದು, ಭಾಳ ಮಷೀನಿನಾಗ ಕೌಂಟ್‌ಡೌನ್ ಬಿಟ್ಟು ನೇರ ರೀಡಿಂಗ್ ತೊಗೊಳ್ಳೋ ದಾರಿ ಇರ್ತದ, ಒಂದು ಬಟನ್ ಸ್ವಲ್ಪ ಒತ್ತಿದ್ರ ನೇರ ಓದ್ತದ, ಒತ್ತಿ ಹಿಡದ್ರ ಟೈಮರ್ ಶುರು ಆಗ್ತದ, ಇಂಥಾದ್ದು. ಗಡಬಡಿಯಾಗ ಟೈಮರ್ ಸ್ಕಿಪ್ ಆಗಿ ಹೋಗ್ತದ. ಮೊದಲ ಖಾಲಿ ಡಿಸ್ಟಿಲ್ಡ್ ನೀರು ಇಟ್ಟು ಎಲ್ಲಾ ಬಟನ್ ಒತ್ತಿ ನೋಡಿ ಕೈ ಪಳಗಿಸ್ಕೋರಿ.

ಆಟೋ ಆಫ್ ಕಡಿ ಲಕ್ಷ್ಯ ಇರಲಿ. ಬ್ಯಾಟರಿ ಉಳೀಲಿ ಅಂತ ಸಣ್ಣ ಮಷೀನ್ 10, 15 ಮಿನಿಟಿಗೆ ತಾನೇ ಬಂದ್ ಆಗ್ತಾವ. ನೈಟ್ರೈಟ್ ಟೆಸ್ಟ್ ಪ್ಯಾಕೆಟಿಂದ ಮಾಡಿದ್ರ 20 ಮಿನಿಟ ಕಾಯ್ಬೇಕು, ಹೊರಗಿನ ಟೈಮರ್ ಇಟ್ಕೊಂಡು ಕುಂತಿರ್ತೀರಿ, ಅಷ್ಟರಾಗ ಮಷೀನ್ ಬಂದ್, ಹಾಕಿದ ಝೀರೋನೂ (ಮಷೀನಿಗೆ ತೋರಿಸಿದ ಸೊನ್ನಿ) ಹೋಗಿರ್ತದ. ಸೆಟ್ಟಿಂಗಿನಾಗ ಆಟೋ ಆಫ್ ಟೈಮ್ ಹೆಚ್ಚು ಮಾಡ್ರಿ, ಆಗಲ್ಲಂದ್ರ ಓದೋಕ್ಕಿಂತ ಮೊದಲ ಮತ್ತ ಝೀರೋ ಹಾಕ್ರಿ.

ಕರೆಂಟಿನ ಮ್ಯಾಲ ನಡಿಯೋ ದೊಡ್ಡ ಸ್ಪೆಕ್ಟ್ರೋಫೋಟೋಮೀಟರ್ ಇದ್ರ ಅದರ ದೀಪ ಬಿಸಿ ಆಗ್ಲಿಕ್ಕೆ 15 ರಿಂದ 30 ಮಿನಿಟ ಬಿಡಬೇಕು. ಬ್ಯಾಸಗಿಯಾಗ ನಡುವ ಕರೆಂಟ್ ಹೋಗಿ ಬಂತಂದ್ರ ಟೈಮರ್ರೂ ಹೋಯ್ತು, ದೀಪಾನೂ ಥಣ್ಣಗ ಆಯ್ತು. ಯುಪಿಎಸ್ ಇಲ್ಲದ ಕಡೆ ಟೈಮಿನ ಟೆಸ್ಟ್‌ಗಳನ್ನ ಕರೆಂಟ್ ಹೋಗೋ ಹೊತ್ತಿನಾಗ ಹಚ್ಚಬ್ಯಾಡ್ರಿ.

ಹಂತ 2: ಬ್ಲ್ಯಾಂಕ್ ಮೊದಲ ರೆಡಿ ಇರಲಿ

ಬ್ಲ್ಯಾಂಕ್ ಅಂದ್ರ ಮಷೀನಿಗೆ "ಇದು ಸೊನ್ನಿ" ಅಂತ ತೋರಿಸೋ ಸೆಲ್. ಕಬ್ಬಿಣ, ನೈಟ್ರೇಟ್, ಕ್ಲೋರಿನ್ ಟೆಸ್ಟಿನಾಗ ರೀಜೆಂಟ್ ಹಾಕದ ಅದೇ ಸ್ಯಾಂಪಲ್ ನೀರೇ ಬ್ಲ್ಯಾಂಕ್, ಹಿಂಗಾಗಿ ನೀರಿನ ಸ್ವಂತ ಬಣ್ಣ ಲೆಕ್ಕದಿಂದ ಕಳದು ಹೋಗ್ತದ. ಇದನ್ನ ಟೈಮರ್ ಓಡೋವಾಗ ಆರಾಮ ಹಾಕಬಹುದು, ಆದ್ರ ಫ್ರೀ ಕ್ಲೋರಿನ್‌ಗೆ ಮಾತ್ರ ಝೀರೋ ಹಾಕಿದ ಮ್ಯಾಲೇ ಪೌಡರ್ ಒಡೀರಿ, ಇಲ್ಲಂದ್ರ ಇರೋ ಒಂದು ಮಿನಿಟ ಝೀರೋ ಹಾಕೋದ್ರಾಗೇ ಮುಗೀತದ.

ಸ್ಪ್ಯಾಡ್ನ್ಸ್ (ಒಂದು ಕೆಂಪು ಬಣ್ಣದ ರೀಜೆಂಟ್) ಪದ್ಧತಿಯ ಫ್ಲೋರೈಡ್ ಪೂರಾ ಬ್ಯಾರೆ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದ್ರ ನಮ್ಮ ಕಡೆ ಹೆಚ್ಚು ಮಾಡೋ ಟೆಸ್ಟೇ ಇದು. ಈ ಟೆಸ್ಟಿನಾಗ ಬಣ್ಣ ಹುಟ್ಟಂಗಿಲ್ಲ, ಇದ್ದ ಕೆಂಪು ಬಣ್ಣ ಫ್ಲೋರೈಡ್ ಇದ್ದಷ್ಟು ಕಡಿಮಿ ಆಗ್ತದ. ಹಿಂಗಾಗಿ ಬ್ಲ್ಯಾಂಕ್ ಅಂದ್ರ 10 ಮಿ.ಲೀ ಡಿಸ್ಟಿಲ್ಡ್ ನೀರು, ಅದಕ್ಕ 2 ಮಿ.ಲೀ ರೀಜೆಂಟ್. ಸ್ಯಾಂಪಲ್ಲಿಗೂ ಹಂಗೇ 10 ಕ್ಕ 2. ಟೈಮ್ ಒಂದೇ ಮಿನಿಟ, ರಿಯಾಕ್ಷನ್ ಭಾಳ ಬೇಗ ಆಗ್ತದ, ಇಲ್ಲಿ ಟೈಮರ್‌ಕಿಂತ ದೊಡ್ಡ ವೈರಿ ಎರಡು. ಮೊದಲನೇದು ಅಳತಿ, 2 ಮಿ.ಲೀ ಹೋಗೋ ಕಡೆ 2.1 ಹೋದ್ರ ಕೆಂಪು ಬಣ್ಣನೇ ಹೆಚ್ಚಾಗಿ ಫ್ಲೋರೈಡ್ ಕಡಿಮಿ ತೋರಸ್ತದ, ಅದಕ್ಕ ಹನಿ ಎಣಿಸಿ ಹಾಕಬ್ಯಾಡ್ರಿ, ಪಿಪೆಟಿಂದ ಹಾಕ್ರಿ. ಎರಡನೇದು ಬಿಸಿ. ಸ್ಯಾಂಪಲ್ಲು ಮತ್ತ ಬ್ಲ್ಯಾಂಕು ಒಂದು ಡಿಗ್ರಿ ಒಳಗ ಒಂದೇ ಬಿಸಿ ಇರಬೇಕು. ಸುರಪುರದಿಂದಲೋ ಶಹಾಪುರದಿಂದಲೋ ಬಿಸಲಿನಾಗ ಗಾಡಿ ಮ್ಯಾಲ ಬಂದ ಬಾಟ್ಲಿ, ಎಸಿ ರೂಮಿನಾಗ ಕುಂತ ಡಿಸ್ಟಿಲ್ಡ್ ನೀರು, ಎರಡನ್ನೂ ಹಂಗೇ ಟೆಸ್ಟ್ ಮಾಡಿದ್ರ ನಂಬರ್ ತಪ್ಪೇ ಬರ್ತದ, ಟೈಮರ್ ಎಷ್ಟೇ ಬರೋಬ್ಬರಿ ಇರಲಿ. ಒಂದು ತಾಸು ಎರಡೂ ಬಾಟ್ಲಿ ಒಂದೇ ಟೇಬಲ್ ಮ್ಯಾಲ ಇಡ್ರಿ, ಥರ್ಮಾಮೀಟರ್ ಹಾಕಿ ನೋಡ್ರಿ, ಆಮ್ಯಾಲ ಶುರು ಮಾಡ್ರಿ. ರೀಡಿಂಗ್ 2 ರ ಮ್ಯಾಲ ಹೋಗಿ ಮಷೀನ್ ರೇಂಜ್ ದಾಟ್ತು ಅಂದ್ರ 5 ಮಿ.ಲೀ ಸ್ಯಾಂಪಲ್ಲಿಗೆ 5 ಮಿ.ಲೀ ಡಿಸ್ಟಿಲ್ಡ್ ನೀರು ಹಾಕಿ ಮತ್ತ ಮಾಡಿ ಬಂದಿದ್ದನ್ನ 2 ರಿಂದ ಗುಣಿಸ್ರಿ, ರೇಂಜ್ ಹೊರಗಿನ ನಂಬರ್ ರಿಪೋರ್ಟಿಗೆ ಬರೀಬ್ಯಾಡ್ರಿ.

ಹಂತ 3: ಟೈಮರ್ ಯಾವಾಗ ಒತ್ತಬೇಕು

ಇದೊಂದರಾಗೇ ಹೆಚ್ಚು ಮಂದಿ ತಪ್ಪತಾರ. ಪ್ಯಾಕೆಟ್ ಹರದು, ಪೌಡರ್ ಹಾಕಿ, ಬಿರಡಿ ಹಾಕಿ, ಅಲ್ಲಾಡಿಸಿ, ಒರಸಿ, ಸೆಲ್ ಒಳಗ ಇಟ್ಟು, ಆಮ್ಯಾಲ ಟೈಮರ್ ಒತ್ತತಾರ. ಅಷ್ಟರಾಗ 40 ಸೆಕೆಂಡ್ ಹೋಗಿರ್ತದ. ಒಂದು ಮಿನಿಟಿನ ಟೆಸ್ಟಿಗೆ 40 ಸೆಕೆಂಡ್ ಅಂದ್ರ ಎಷ್ಟಾಯ್ತು ನೀವೇ ನೋಡ್ರಿ.

ಮೆಥಡ್ ಪುಸ್ತಕ "ರೀಜೆಂಟ್ ಹಾಕಿದ ಮ್ಯಾಲ" ಅಂತ ಬರ್ದಿದ್ರ ರೀಜೆಂಟ್ ನೀರಿಗೆ ಬಿದ್ದ ಕ್ಷಣದಿಂದ ಲೆಕ್ಕ. "ಅಲ್ಲಾಡಿಸಿದ ಮ್ಯಾಲ" ಅಂತ ಇದ್ರ ಅಲ್ಲಾಡಿಸೋದು ನಿಂತ ಕ್ಷಣದಿಂದ. ನೈಟ್ರೇಟಿನಾಗ ಎರಡು ಟೈಮರ್ ಅದಾವ, ಅಲ್ಲಾಡಿಸೋ 1 ಮಿನಿಟದ್ದು ಒಂದು, ಅದು ಮುಗಿದ ಕೂಡ್ಲೇ ಇಡೋ 5 ಮಿನಿಟದ್ದು ಇನ್ನೊಂದು. ಅಲ್ಲಾಡಿಸೋದು ಇಲ್ಲಿ ಬರೇ ಕರಗಿಸ್ಲಿಕ್ಕೆ ಅಲ್ಲ, ಕ್ಯಾಡ್ಮಿಯಂ ಪುಡಿ ನೈಟ್ರೇಟನ್ನ ನೈಟ್ರೈಟ್ ಮಾಡೋ ಕೆಲಸ ಅದೇ ಹೊತ್ತಿನಾಗ ಆಗ್ತದ, ಮೆಲ್ಲಕ ಅಲ್ಲಾಡಿಸಿದ್ರ ನೈಟ್ರೇಟ್ ಕಡಿಮಿ ಬರ್ತದ. ಒಂದು ಲ್ಯಾಬಿನಾಗ ಇಬ್ಬರು ಮಾಡಿದ್ರ ಇಬ್ಬರದು ಬ್ಯಾರೆ ನಂಬರ್ ಬರೋದು ಇದಕ್ಕೇ. ಇಬ್ಬರೂ ಒಂದೇ ಸ್ಟ್ಯಾಂಡರ್ಡ್ ಮಾಡಿ ನೋಡಿ ಕೈ ಒಂದೇ ಮಾಡ್ಕೋರಿ. ತಳದಾಗ ಸ್ವಲ್ಪ ಪುಡಿ ಉಳಿದ್ರ ಚಿಂತಿ ಇಲ್ಲ, ಅದು ಉಳಿಯೋದೇ.

ನೈಟ್ರೇಟ್ ಬಗ್ಗೆ ಇನ್ನೊಂದು ಮಾತು, ಸ್ಕ್ರೀನಿನಾಗ ನೈಟ್ರೇಟ್ ಅಂತ ಬರ್ಲತದೋ ನೈಟ್ರೇಟ್ ನೈಟ್ರೋಜನ್ ಅಂತ ಬರ್ಲತದೋ ನೋಡ್ರಿ. ಐಎಸ್ 10500 ರ 45 ಮಿ.ಗ್ರಾಂ ಮಿತಿ ನೈಟ್ರೇಟ್ ಲೆಕ್ಕದ್ದು. ನೈಟ್ರೋಜನ್ ಲೆಕ್ಕದ ನಂಬರನ್ನ 4.43 ರಿಂದ ಗುಣಿಸಬೇಕು, 12 ಅಂತ ತೋರಿಸಿದ್ರ ಅದು 53, ಮಿತಿ ದಾಟಿದ ನೀರು.

ಕೈ ಅಭ್ಯಾಸ ಹಿಂಗ ಮಾಡ್ಕೋರಿ: ಎಡಗೈ ಬೆರಳು ಟೈಮರ್ ಬಟನ್ ಮ್ಯಾಲ, ಬಲಗೈಯಾಗ ರೀಜೆಂಟ್. ಒಟ್ಟಿಗೆ. ಒರಸೋದು, ಗುಳ್ಳಿ ತೆಗಿಯೋದು ಎಲ್ಲಾ ಟೈಮರ್ ಓಡೋವಾಗ.

ಹಂತ 4: ಒಂದಕ್ಕಿಂತ ಜಾಸ್ತಿ ಸ್ಯಾಂಪಲ್ ಇದ್ದಾಗ

ಮಳೆಗಾಲ ಶುರು ಆದಾಗ ಹಳ್ಳಿಗಳಿಂದ ಬಾಟ್ಲಿ ಒಮ್ಮೆಲೆ ಬರ್ತಾವ, ಆಗ ಎಲ್ಲಾ ಸೆಲ್ಲಿಗೂ ಸಾಲಾಗಿ ಪೌಡರ್ ಹಾಕಿ ಒಂದೇ ಟೈಮರ್ ಓಡಿಸಿ ಕೊನಿಗೆ ಸಾಲಾಗಿ ಓದೋದು ಕಾಣಸ್ತದ. ಮೊದಲನೇ ಸೆಲ್ಲಿಗೆ 5 ಮಿನಿಟ ಆದ್ರ ಕೊನೇದಕ್ಕ 3 ಮಿನಿಟಾನೂ ಆಗಿರಂಗಿಲ್ಲ. ಕಬ್ಬಿಣದಂಥ ಗಟ್ಟಿ ಬಣ್ಣದ ಟೆಸ್ಟಿಗೆ ಕೊನೇ ಸೆಲ್ಲಿನ ಟೈಮ್ ಹಿಡದು ಕಾದ್ರ ಇದು ನಡೀತದ. ಉಳಿದಕ್ಕ ನಡಿಯಂಗಿಲ್ಲ.

ಸರಿ ದಾರಿ ಅಂದ್ರ ಸೆಲ್ ಸೆಲ್ಲಿಗೆ ಸಮಾನ ಅಂತರ ಬಿಡೋದು. ಹಾಕೋವಾಗ ಎಷ್ಟು ಅಂತರ ಬಿಟ್ಟೀರೋ ಓದೋವಾಗಲೂ ಅಷ್ಟೇ ಅಂತರ. ನೈಟ್ರೇಟಿಗೆ ಲೆಕ್ಕ ಹಿಂಗ ಬರ್ತದ: ಒಂದೊಂದು ಸೆಲ್ಲಿಗೆ ಒಂದು ಮಿನಿಟ ಅಲ್ಲಾಡಿಸೋದೇ ಹೋಗ್ತದ, ಅದಕ್ಕ ಅಂತರ ಒಂದೂವರಿ ಮಿನಿಟ ಇಟ್ಕೋರಿ. ಸ್ಟಾಪ್‌ವಾಚ್ 0:00 ಕ್ಕ ಮೊದಲನೇದು, 1:30 ಕ್ಕ ಎರಡನೇದು, 3:00 ಕ್ಕ ಮೂರನೇದು, 4:30 ಕ್ಕ ನಾಕನೇದು. ಓದೋದು 6:00, 7:30, 9:00, 10:30. ಐದನೇದು ಹಾಕ್ಲಿಕ್ಕೆ ಹೋದ್ರ 6:00 ಕ್ಕ ಬರ್ತದ, ಅದೇ ಹೊತ್ತಿಗೆ ಮೊದಲನೇದು ಓದಬೇಕು, ಕೈ ಎರಡೇ. ಅದಕ್ಕ ಒಬ್ಬರೇ ಇದ್ರ ಒಂದು ಸಲಕ್ಕ ನಾಕೇ ಸೆಲ್. ಹೆಚ್ಚು ಮಾಡಿದ್ರ ಬೇಗ ಮುಗೀತದ ಅನ್ನಸ್ತದ, ಮುಗೀತದ ಖರೆ, ಆದ್ರ ಮತ್ತ ಮಾಡಬೇಕಾಗ್ತದ.

ಮಷೀನಿನ ಒಂದೇ ಟೈಮರ್ ಇದಕ್ಕ ಸಾಕಾಗಂಗಿಲ್ಲ, ಇಲ್ಲೇ ಹೊರಗಿನ ಸ್ಟಾಪ್‌ವಾಚ್ ಬೇಕಾಗೋದು, ಮಷೀನಿನ ಕೌಂಟ್‌ಡೌನ್ ಬಂದ್ ಮಾಡಿ ನೇರ ರೀಡಿಂಗ್ ಇಟ್ಕೋರಿ. ಮೊದಲೇ ಹಾಳಿ ಮ್ಯಾಲ "ಹಾಕೋದು, ಓದೋದು" ಅಂತ ಎರಡು ಸಾಲು ಟೈಮ್ ಬರ್ದಿಟ್ಟು ಶುರು ಮಾಡ್ರಿ, ನಡುವ ಲೆಕ್ಕ ಮಾಡ್ಲಿಕ್ಕೆ ಹೋದ್ರ ತಪ್ಪೇ ಆಗೋದು. ಸೆಲ್ ನಂಬರ್ ಬಿರಡಿ ಮ್ಯಾಲ ಬರೀರಿ, ಬೆಳಕು ಹೋಗೋ ಗಾಜಿನ ಮ್ಯಾಲ ಪೆನ್ ಹಚ್ಚಬ್ಯಾಡ್ರಿ.

ಹಂತ 5: ಬ್ಯಾಸಗಿ, ಥಂಡಿ

ಪುಸ್ತಕದಾಗಿನ ಟೈಮು ಸಾಮಾನ್ಯವಾಗಿ 20 ರಿಂದ 25 ಡಿಗ್ರಿ ಬಿಸಿಗೆ ಬರ್ದಿದ್ದು. ಕಲಬುರಗಿಯಾಗ ಮೇ ತಿಂಗಳ 40 ದಾಟ್ತದ, ಫ್ಯಾನ್ ಮಾತ್ರ ಇರೋ ಲ್ಯಾಬಿನಾಗ ಟೇಬಲ್ ಮ್ಯಾಲಿನ ನೀರೇ 35 ರ ಮ್ಯಾಲ ಇರ್ತದ. ಬೀದರದಾಗ ಡಿಸೆಂಬರ್ ಮುಂಜಾನೆ ಅದೇ ನೀರು 15 ರ ಹತ್ತಿರ. ಸಾಮಾನ್ಯ ಲೆಕ್ಕ ಏನಂದ್ರ 10 ಡಿಗ್ರಿ ಬಿಸಿ ಏರಿದ್ರ ರಿಯಾಕ್ಷನ್ ಓಟ ಹೆಚ್ಚುಕಡಿಮಿ ಎರಡರಷ್ಟು ಆಗ್ತದ. ಎಲ್ಲಾ ರಿಯಾಕ್ಷನ್ನಿಗೂ ಬರೋಬ್ಬರಿ ಎರಡೇ ಅಂತಲ್ಲ, ಆದ್ರ ಅಂದಾಜಿಗೆ ಸಾಕು. ಹಿಂಗಾಗಿ ಥಂಡಿಯಾಗ ಟೈಮರ್ ಬೀಪ್ ಆದ್ರೂ ಬಣ್ಣ ಪೂರಾ ಬಂದಿರಂಗಿಲ್ಲ, ಬ್ಯಾಸಗಿಯಾಗ ಬಣ್ಣ ಬಂದು ಮಾಸ್ಲಿಕ್ಕೆ ಶುರು ಆಗಿರಬಹುದು.

ಇದಕ್ಕ ಮನಸ್ಸಿಗೆ ಬಂದಂಗ ಟೈಮರ್ ಹೆಚ್ಚು ಕಡಿಮಿ ಮಾಡೋದಲ್ಲ. ಮೊದಲ ಪ್ರಯತ್ನ ಸ್ಯಾಂಪಲ್ ಬಿಸಿ ಸರಿ ಮಾಡೋದು, ಒಂದು ಟಬ್ಬಿನಾಗ 25 ಡಿಗ್ರಿ ನೀರು ಇಟ್ಟು ಬಾಟ್ಲಿ ಸ್ವಲ್ಪ ಹೊತ್ತು ಅದರಾಗ ಇಡ್ರಿ. ಫ್ರಿಜ್ಜಿಂದ ತಗದ ಸ್ಯಾಂಪಲ್ ನೇರ ಸೆಲ್ಲಿಗೆ ಹಾಕಿದ್ರ ಗಾಜಿನ ಹೊರಗ ಮಂಜು ಕುಂಡ್ರತದ, ಅದೂ ಬೆಳಕು ತಡೀತದ. ಕ್ಲೋರಿನ್ ಮಾತ್ರ ಹಿಂಗ ಕಾಯಂಗಿಲ್ಲ, ಅದನ್ನ ಲ್ಯಾಬಿಗೆ ತರೋದೇ ಬ್ಯಾಡ, ನಳದ ಹತ್ರನೇ ನಿಂತು ಮಾಡ್ರಿ.

ಹಂತ 6: ನಿಮ್ಮ ಲ್ಯಾಬಿನ ಟೈಮ್ ನೀವೇ ಹಿಡೀರಿ

ಇದನ್ನ ಯಾರೂ ಮಾಡಂಗಿಲ್ಲ, ಆದ್ರ ಇಡೀ ಲೇಖನದಾಗ ನಾನು ಕೈ ಮುಗದು ಕೇಳೋದು ಇದೊಂದೇ. ಒಂದು ಸ್ಟ್ಯಾಂಡರ್ಡ್ ತೊಗೋರಿ, ಉದಾಹರಣೆಗೆ 1 ಮಿ.ಗ್ರಾಂ ಕಬ್ಬಿಣ. ರೀಜೆಂಟ್ ಹಾಕಿ ಸ್ಟಾಪ್‌ವಾಚ್ ಶುರು ಮಾಡ್ರಿ. ಅರ್ಧ ಮಿನಿಟ, 1, 2, 3, 5, 8, 10, 15, 20, 30 ಮಿನಿಟಿಗೆ ರೀಡಿಂಗ್ ಬರ್ಕೋತ ಹೋಗ್ರಿ, ಸೆಲ್ ಅಲ್ಲೇ ಇರಲಿ, ಅಲ್ಲಾಡಿಸಬ್ಯಾಡ್ರಿ. ಗ್ರಾಫ್ ಹಾಳಿ ಮ್ಯಾಲ ಅಡ್ಡಕ್ಕ ಟೈಮು, ಉದ್ದಕ್ಕ ರೀಡಿಂಗ್ ಇಟ್ಟು ಚುಕ್ಕಿ ಹಾಕಿ ಗೆರಿ ಎಳೀರಿ. ಗೆರಿ ಏರ್ತಾ ಏರ್ತಾ ಒಂದು ಕಡೆ ಚಪ್ಪಟಿ ಆಗ್ತದ. ಆ ಚಪ್ಪಟಿ ಜಾಗಾನೇ ನಿಮ್ಮ ಓದೋ ಟೈಮ್. ಪುಸ್ತಕದ ಟೈಮ್ ಆ ಚಪ್ಪಟಿ ಒಳಗ ಬಿದ್ರ ಸಮಾಧಾನ. ಏರೋ ಜಾಗದಾಗ ಬಿದ್ರ ಮೊದಲ ಬಿಸಿ, ಆಮ್ಯಾಲ ರೀಜೆಂಟ್ ತಾರೀಕು ನೋಡ್ರಿ, ಹಳೇ ರೀಜೆಂಟ್ ಇದ್ರ ಬಣ್ಣ ನಿಧಾನಕ್ಕ ಬರಬಹುದು. ಚಪ್ಪಟಿನೇ ಆಗದೆ ಏರ್ತಾನೇ ಹೋದ್ರ ಅದು ಸೆಕೆಂಡ್ ಹಿಡದು ಓದಬೇಕಾದ ಟೆಸ್ಟ್.

ಇದನ್ನ ಮೇ ತಿಂಗಳ ಒಮ್ಮೆ, ಡಿಸೆಂಬರ್ ಒಮ್ಮೆ ಮಾಡಿ ಎರಡೂ ಗ್ರಾಫ್ ಮಷೀನಿನ ಹಿಂದಿನ ಗ್ವಾಡಿಗೆ ಅಂಟಿಸ್ರಿ. ದೊಡ್ಡ ಮಷೀನಿನಾಗ ಇದಕ್ಕ ಟೈಮ್ ಕೋರ್ಸ್ ಅಂತ ಮೋಡ್ ಇರ್ತದ, ತಾನೇ ಓದಿ ಗೆರಿ ತೋರಸ್ತದ.

ಕ್ಲಿನಿಕಲ್ ಲ್ಯಾಬಿನೋರು ಕೇಳ್ತಾರ, ನಮ್ಮ ಅನಲೈಜರಿನ ಟೈಮರ್ ಹಿಂಗೇ ಏನು ಅಂತ. ಗ್ಲೂಕೋಸ್ ಟೆಸ್ಟ್ ಹಿಂಗೇ, 37 ಡಿಗ್ರಿಯಾಗ ಕಿಟ್ ಹೇಳಿದಷ್ಟು ಮಿನಿಟ ಇಟ್ಟು ಒಮ್ಮೆ ಓದೋದು. ಜಾಫೆ ಪದ್ಧತಿಯ ಕ್ರಿಯಾಟಿನಿನ್ ಹಂಗಲ್ಲ, ಅಲ್ಲಿ ಎರಡು ಸಲ ಓದಿ ನಡುವಿನ ಏರಿಕಿ ಲೆಕ್ಕ ಹಿಡೀತಾರ, ಮೊದಲ ಓದಿನ ಟೈಮ್ ಕೆಲವು ಸೆಕೆಂಡ್ ತಪ್ಪಿದ್ರೂ ಉತ್ತರ ಬದಲಾಗ್ತದ. ಸೆಕೆಂಡ್ ಎಷ್ಟು ಅನ್ನೋದು ಕಿಟ್ ಕಿಟ್ಟಿಗೆ ಬ್ಯಾರೆ, ಡಬ್ಬಿ ಒಳಗಿನ ಚೀಟಿ ಓದ್ರಿ.

ಇನ್ನೂ ಎಲ್ಲೆಲ್ಲಿ ಎಡವತಾರ

ಡಿಪಿಡಿ ಹಾಕಿದ ಕೂಡ್ಲೇ ಗುಲಾಬಿ ಮಿಂಚಿ ಮಾಯ ಆಗಿ ನೀರು ಬಣ್ಣ ಇಲ್ಲದಂಗಾದ್ರ ಕ್ಲೋರಿನ್ ಇಲ್ಲ ಅಂತ ಬರೀಬ್ಯಾಡ್ರಿ, ಕ್ಲೋರಿನ್ ಅತಿ ಹೆಚ್ಚಿದ್ದು ಬಣ್ಣನೇ ತಿಂದಿರ್ತದ. ಡಿಸ್ಟಿಲ್ಡ್ ನೀರು ಬೆರಸಿ ಮತ್ತ ಮಾಡ್ರಿ. ಟ್ಯಾಂಕಿಗೆ ಈಗಷ್ಟೇ ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಇದು ಆಗ್ತದ.

ಫ್ರೀ ಕ್ಲೋರಿನ್ ಮಾಡಿದ ಸೆಲ್ಲಿನಾಗೇ ಟೋಟಲ್ ಪೌಡರ್ ಹಾಕಿ ಮುಂದುವರಿಸಬ್ಯಾಡ್ರಿ, ಪುಸ್ತಕ ಹಂಗ ಹೇಳಿದ್ರ ಮಾತ್ರ ಮಾಡ್ರಿ. ಇಲ್ಲಂದ್ರ ಬ್ಯಾರೆ ಸೆಲ್, ಬ್ಯಾರೆ ಟೈಮರ್.

ಅಮೋನಿಯಾ ಟೆಸ್ಟಿನ ಸ್ಯಾಲಿಸಿಲೇಟ್ ಪದ್ಧತಿಗೆ ಎರಡು ಹಂತ, 3 ಮಿನಿಟ, ಆಮ್ಯಾಲ ಎರಡನೇ ಪೌಡರ್ ಹಾಕಿ 15 ಮಿನಿಟ. ಮೊದಲ ಬೀಪಿಗೇ ಓದಿಬಿಡೋರು ಅದಾರ.

ರಿಜಿಸ್ಟರಿನಾಗ ರೀಡಿಂಗ್ ಕಾಲಂ ಪಕ್ಕ ಇನ್ನೂ ಮೂರು ಕಾಲಂ ಹಾಕ್ರಿ: ರೀಜೆಂಟ್ ಹಾಕಿದ ಟೈಮು, ಓದಿದ ಟೈಮು, ಸ್ಯಾಂಪಲ್ ಬಿಸಿ. ಆರು ತಿಂಗಳ ಆದ ಮ್ಯಾಲ ಯಾರರೆ ಈ ನಂಬರ್ ಹ್ಯಾಂಗ ಬಂತು ಅಂತ ಕೇಳಿದ್ರ ಈ ಮೂರು ಕಾಲಮ್ಮೇ ನಿಮ್ಮ ಕೈ ಹಿಡಿಯೋದು.

ಟೆಸ್ಟ್ ಮುಗಿದ ನೀರು ಮೋರಿಗೆ ಚೆಲ್ಲಬ್ಯಾಡ್ರಿ. ನೈಟ್ರೇಟಿನ ಸೆಲ್ಲಿನಾಗ ಕ್ಯಾಡ್ಮಿಯಂ ಇರ್ತದ, ಹಳೇ ನಮೂನಿ ಸ್ಪ್ಯಾಡ್ನ್ಸ್ ರೀಜೆಂಟಿನಾಗ ಆರ್ಸೆನಿಕ್ ಇರ್ತದ, ಎರಡೂ ವಿಷ. ಎರಡಕ್ಕೂ ಸಪರೇಟ್ ಕ್ಯಾನ್ ಇಟ್ಟು, ಮ್ಯಾಲ ಹೆಸರು ತಾರೀಕು ಬರದು, ಅಪಾಯಕಾರಿ ಕಸ ಒಯ್ಯೋರಿಗೆ ಕೊಡ್ರಿ. ಆರ್ಸೆನಿಕ್ ಇಲ್ಲದ ಸ್ಪ್ಯಾಡ್ನ್ಸ್ ರೀಜೆಂಟೂ ಸಿಗ್ತದ, ಮುಂದಿನ ಇಂಡೆಂಟ್ ಹಾಕೋವಾಗ ಅದನ್ನೇ ಬರೀರಿ, ಮತ್ತ ಅದಕ್ಕ ಮಷೀನಿನಾಗ ಪ್ರೋಗ್ರಾಮ್ ನಂಬರ್ ಬ್ಯಾರೆ ಇದ್ರ ಬದಲಿ ಮಾಡೋದು ಮರೀಬ್ಯಾಡ್ರಿ.